ಹುಣಸೆಮರದ ಬಾಣಂತೀರು

ಹೋದ ವಾರ ಹಜಾರದಲ್ಲಿ ಕೂತ್ಕೊಂಡು ವರ್ಷಕ್ಕಾಗೋವಷ್ಟು ಹುಣಸೆಹಣ್ಣು ಬಿಡಿಸ್ತಾ ಇದ್ದೆ. ಓಡು ತೆಗ್ದು, ನಾರು ಎಳ್ದು, ಬೀಜ ತೆಗ್ಯೋ ಹೊತ್ಗೆ ಸೊಂಟ ಬಿದ್ದೋಯ್ತದೆ, ನಿಮಗೇನು ಹೇಳ್ಬೇಕಾಗಿಲ್ಲ. ನೆರವಿಗೆ ಬಂದಿದ್ದ ಪಕ್ಕದ್ಮನೆ ಹುಡುಗಿ, "ಎಲ್ಲಿಂದ ತಂದ್ರಿ ಆಂಟಿ, ಇಷ್ಟೊಂದ?" ಅಂದ್ಲು. "ಕೊಕ್ಕರೆ ಬೆಳ್ಳೂರಿಂದ" ಅಂದೆ. "ಅಲ್ಲಿ ಹಕ್ಕಿ ತಾನೆ ಇರೋದು?" ಅಂದ್ಲು. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೀತಾ ಇವ್ನಿ.

ನಮ್ಮ ಚಿಕ್ಕತ್ತೇನ ಕೊಟ್ಟಿದ್ದು ಆ ಊರಿಗೆ. ಮದ್ದೂರು ತಾಲ್ಲೂಕು, ಶಿಂಷಾ ಹೊಳೆ ಪಕ್ಕ. ಬೆಂಗಳೂರು-ಮೈಸೂರು ರಸ್ತೆಲಿ ಚನ್ನಪಟ್ಣ ದಾಟಿ ರುದ್ರಾಕ್ಷಿಪುರದ ಹತ್ರ ಒಳಕ್ಕೆ ತಿರುಗ್ಬೇಕು. ಅತ್ತೆ ಹಿತ್ತಲಲ್ಲಿ ಎರಡು ಹುಣಸೆಮರ ಇದ್ವು. ಆದ್ರೂ ಎಷ್ಟೋ ವರ್ಷ ಅವರು ಸಂತೆಯಿಂದ ಹುಣಸೆಹಣ್ಣು ತರ್ತಿದ್ರು. ಮರ ಮನೇದು, ಹಣ್ಣು ಕೊಕ್ಕರೇದು ಅಂತ ನಾವು ನಗ್ತಿದ್ವಿ.

ಯಾಕಂದ್ರೆ ಲೆಕ್ಕ ಹಂಗದೆ. ಕಾರ್ತೀಕ ಕಳೀತಿದ್ದಂಗೆ ಹೆಜ್ಜಾರ್ಲೆ ಬತ್ತವೆ, ಸಂಕ್ರಾಂತಿ ಆಸುಪಾಸಿಗೆ ಬಣ್ಣದ ಕೊಕ್ಕರೆ ಬತ್ತವೆ. ಎರಡೂ ಮರದ ತುದೀಲಿ ಕಡ್ಡಿ ಹಾಸಿ ಗೂಡು ಕಟ್ತವೆ. ಒಂದು ತಿಂಗಳು ಕಾವು. ಆಮೇಲೆ ಮರಿ ರೆಕ್ಕೆ ಬಲ್ತು ಹಾರೋದಕ್ಕೆ ಇನ್ನೂ ಎರಡು-ಮೂರು ತಿಂಗಳು ಬೇಕು. ಶಿವರಾತ್ರಿಯಿಂದ ಯುಗಾದಿವರೆಗೂ ಮರದ ತುಂಬ ಮರಿಗಳೇ. ಹುಣಸೆ ಬಡಿಯೋದೂ ಅದೇ ಕಾಲ್ದಲ್ಲಿ. ಗಳ ತಕ್ಕೊಂಡು ಕೊಂಬೆಗೆ ಬಡುದ್ರೆ ಹಣ್ಣಿನ ಜೊತೆ ಮರೀನೂ ಬೀಳ್ತವೆ. ಅದ್ಕೇ ಗೂಡಿರೋ ಮರ ಯಾರೂ ಬಡೀತಿರ್ಲಿಲ್ಲ. ಕೆಳಗೆ ತಾನಾಗೇ ಉದುರಿದ್ದು ಸಿಕ್ಕಿದ್ರೆ ಉಂಟು, ಅದ್ರ ಮೇಲೂ ಹಿಕ್ಕೆ ಬಿದ್ದಿರೋದು.

ಹೆಜ್ಜಾರ್ಲೆ ಅಂದ್ರೆ ಸಣ್ಣ ಹಕ್ಕಿ ಅಲ್ಲ ಕಣ್ರವ್ವ. ನಾಕೈದು ಕಿಲೋ ತೂಗ್ತದೆ, ರೆಕ್ಕೆ ಬಿಚ್ಚಿದ್ರೆ ಏಳಡಿ ಮೇಲೆ. ಕೊಕ್ಕಿನ ಕೆಳಗೆ ಒಂದು ಚೀಲ. ಮರಿ ಆ ಚೀಲ್ದೊಳಕ್ಕೆ ತಲೆ ತೂರಿಸಿ ಮೀನು ತಿಂತದೆ. ನಾನು ಹುಡುಗಿ ಆಗಿದ್ದಾಗ ಮೊದಲ ಸಲ ನೋಡಿ, ತಾಯಿ ಮರೀನ ನುಂಗ್ತಾ ಅದೆ ಅಂತ ಕಿರುಚಿದ್ದೆ. ಬಣ್ಣದ ಕೊಕ್ಕರೆ ಇನ್ನೊಂದು ಥರ. ಸುಡೋ ಬಿಸಿಲಲ್ಲಿ ರೆಕ್ಕೆ ಅಗಲಿಸಿ ಮರಿಗೆ ನೆರಳು ಹಿಡ್ಕೊಂಡು ನಿಂತಿರ್ತದೆ, ಕೊಕ್ಕಲ್ಲಿ ನೀರು ತಂದು ಮರಿ ಬಾಯಿಗೆ ಬಿಡ್ತದೆ. ನೋಡೋಕೆ ಚೆಂದ. ಆದ್ರೆ ಅದ್ರ ಕೆಳಗೆ ಸಂಸಾರ ಮಾಡೋರ ಪಾಡು ಕೇಳಿ. ಮೀನಿನ ವಾಸ್ನೆ, ಹಗಲು ರಾತ್ರಿ ಗಲಾಟೆ, ಒಗ್ದು ಹಾಕಿದ ಬಟ್ಟೆ ಮೇಲೆ ಸುಣ್ಣ ಬಳ್ದಂಗೆ ಹಿಕ್ಕೆ. ಬೆಳಗ್ಗೆ ಎದ್ದು ಅಂಗಳ ಗುಡಿಸೋರು ಯಾರು? ನಾವೇ. ಆ ಹಿಕ್ಕೇನ ಗುಡಿಸಿ ಕೆರೆ ಗೋಡಿಗೆ ಬೆರೆಸಿ ಹೊಲಕ್ಕೆ ಗೊಬ್ಬರ ಹಾಕ್ತಿದ್ರು ಅನ್ನೋದೊಂದೇ ಸಮಾಧಾನ.

"ಓಡಿಸ್ಬಾರ್ದಾ ಅತ್ತೆ?" ಅಂತ ಕೇಳ್ದೆ ಒಂದ್ಸಲ. ಅತ್ತೆ ಬೈದ್ರು. "ತವರಿಗೆ ಬಾಣಂತನಕ್ಕೆ ಬಂದೋರ್ನ ಯಾರಾರ ಓಡಿಸ್ತಾರೇನೆ?" ಆ ಊರೋರೆಲ್ಲ ಹಂಗೇ ಅನ್ನೋದು. ಅವು ಊರಿನ ಹೆಣ್ಮಕ್ಕಳು, ಹೆರಿಗೆಗೆ ಬಂದವೆ, ಮುಂಗಾರು ಹಿಡಿಯೋ ಹೊತ್ಗೆ ಮಕ್ಕಳ ಕರ್ಕೊಂಡು ಹೋಯ್ತವೆ. ಅವು ಬಂದ ವರ್ಷ ಮಳೆ ಬೆಳೆ ಚೆನ್ನಾಗಿರ್ತದೆ ಅನ್ನೋ ನಂಬಿಕೇನೂ ಅದೆ.

ಈ ತವರಿನ ಸಂಬಂಧ ಎಷ್ಟು ಹಳೇದು ಅಂತ ಆಮೇಲೆ ನಾನು ಓದಿ ತಿಳ್ಕೊಂಡೆ. ಜೆರ್ಡಾನ್ ಅಂತ ಒಬ್ಬ ಬ್ರಿಟಿಷ್ ಡಾಕ್ಟ್ರು, 1860ರ ದಶಕದಲ್ಲಿ ಭಾರತದ ಹಕ್ಕಿಗಳ ಮೇಲೆ ದೊಡ್ಡ ಪುಸ್ತಕ ಬರ್ದವ್ರೆ. ದಕ್ಷಿಣದ ಒಂದು ಹಳ್ಳೀಲಿ ಊರೊಳಗಿನ ಮರಗಳ ಮೇಲೇ ಹೆಜ್ಜಾರ್ಲೆ ಗೂಡು ಕಟ್ಟಿದ್ದು ನೋಡಿದ್ದಾಗಿ ಅದ್ರಲ್ಲಿ ಹೇಳವ್ರೆ. ಊರಿನ ಹೆಸರು ಹಾಕಿಲ್ಲ. ಅಂಥ ಊರು ಆಂಧ್ರದ ಕಡೇನೂ ಅವೆ. ಯಾವ ಊರಾದ್ರೂ ಆಗ್ಲಿ, ಜನರ ಮಧ್ಯೆ ಗೂಡು ಕಟ್ಟೋ ರೂಢಿ ಆಗ್ಲೇ ಹಳೇದಾಗಿತ್ತು ಅಂತ ಗೊತ್ತಾಯ್ತದೆ.

ಬೆಳ್ಳೂರಿನ ಹಿರೀಕರು ಹೇಳೋದು ಇನ್ನೊಂದು ಕತೆ. ಹಿಂದೆ ಊರು ಹೊಳೆಗೆ ಹತ್ರ ಇತ್ತಂತೆ. 1916ರಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಈಗಿರೋ ಜಾಗಕ್ಕೆ ಬಂದ್ರಂತೆ. ಹಕ್ಕಿಗಳೂ ಹಳೇ ಊರಿನ ಮರ ಬಿಟ್ಟು ಅವರ ಹಿಂದೇನೇ ಬಂದ್ವಂತೆ. ಜನ ಇದ್ದ ಕಡೆ ಮರಿಗೆ ಕೋತಿ ಕಾಟ, ಹದ್ದಿನ ಕಾಟ ಕಮ್ಮಿ ಅಂತ ಅವುಕ್ಕೆ ಗೊತ್ತು. ನಾವು ಅವುನ್ನ ಕಾಯ್ತೀವಿ ಅಂತ ಅನ್ಕೋತೀವಿ, ಅವೂ ನಮ್ಮನ್ನ ನೋಡಿಯೇ ಮರ ಆರಿಸ್ತವೆ.

ಶ್ರೀರಂಗಪಟ್ಣದ ರಂಗನತಿಟ್ಟು ನೀವೆಲ್ಲ ನೋಡಿದ್ದೀರಿ. ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲೇ ಅದು ಪಕ್ಷಿಧಾಮ ಆಯ್ತು. ಅದು ಕಾವೇರಿ ಮಧ್ಯದ ತಿಟ್ಟುಗಳು, ಅಲ್ಲಿ ಯಾರ ಅಡಿಗೆಮನೇನೂ ಇಲ್ಲ. ಬೆಳ್ಳೂರು ಹೊರಗಿನ ಲೋಕದ ಕಣ್ಣಿಗೆ ಬಿದ್ದಿದ್ದು 1976ರಲ್ಲಿ, ಎಸ್.ಜಿ. ನೇಗಿನಹಾಳ ಅನ್ನೋ ಅರಣ್ಯಾಧಿಕಾರಿಯಿಂದ. ಮುಂದೆ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಾಂತರ ಗಿಡ ನೆಡಿಸಿದ್ದೂ ಅವರೇ. ಹುಣಸೆ ಫಸಲು ಬಿಟ್ಕೊಟ್ಟು ಜನ ಹಕ್ಕಿ ಉಳಿಸ್ತಾ ಅವ್ರೆ ಅಂತ ತಿಳಿದ ಮೇಲೆ, ಗೂಡಿರೋ ಮರಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡು ಕೊಡೋ ಪದ್ಧತಿ ಬಂತು. ಅತ್ತೆ ಅದ್ನ ಹಣ್ಣಿನ ಬೆಲೆ ಅಂತ ಎಣಿಸ್ಲಿಲ್ಲ. "ಮಗಳಿಗೆ ಮಾಡಿದ್ದುಕ್ಕೆ ಅರಿಶಿನ ಕುಂಕುಮ ಕೊಟ್ಟಂಗೆ" ಅಂತಿದ್ರು.

ಆದ್ರೆ ಪುಸ್ತಕದಲ್ಲಿ ಬರೀದಿರೋದು ಒಂದದೆ. ಅತ್ತೆ ಮಗಳು ಚೊಚ್ಚಲ ಹೆರಿಗೆಗೆ ಬಂದ ವರ್ಷ ಮಗು ಅಡ್ಡ ಆಗಿ ಆಪರೇಷನ್ ಆಯ್ತು. ಕೈಲಿ ಕಾಸಿರ್ಲಿಲ್ಲ. ಶ್ರಾವಣದಲ್ಲಿ, ಗೂಡು ಖಾಲಿ ಇರೋ ಕಾಲ್ದಲ್ಲಿ, ಎರಡರಲ್ಲಿ ದೊಡ್ಡ ಮರಾನ ಸೌದೆಗೆ ಮಾರುದ್ರು. ತಪ್ಪೇನಿಲ್ಲ, ಸುತ್ತಮುತ್ತ ಎಷ್ಟೋ ಮನೇಲಿ ಮದುವೆಗೆ, ಕಾಯಿಲೆಗೆ ಮರ ಹಂಗೇ ಹೋದ್ವು. ಕಾರ್ತೀಕ ಕಳೆದ್ಮೇಲೆ ಹೆಜ್ಜಾರ್ಲೆ ಬಂದ್ವು. ಮರ ಇದ್ದ ಜಾಗದ ಮೇಲೆ ಸುತ್ತಿ ಸುತ್ತಿ, ಕಡೆಗೆ ಪಕ್ಕದೋರ ಮರಕ್ಕೆ ಹೋದ್ವು. ಅತ್ತೆ ಹಿತ್ಲಲ್ಲಿ ನಿಂತು ನೋಡ್ತಾ ಇದ್ರು. "ಒಬ್ಬ ಮಗಳ ಬಾಣಂತನಕ್ಕೆ ಇನ್ನೊಬ್ಬಳ ತೊಟ್ಲು ಮಾರಿದ್ನಲ್ಲವ್ವ" ಅಂತ ಅಂದಿದ್ದು ನನ್ನ ಕಿವೀಲಿ ಇನ್ನೂ ಅದೆ. ಆ ಮಳೆಗಾಲ್ದಲ್ಲೇ ಅದೇ ಗುಂಡಿ ಪಕ್ಕ ಒಂದು ಹುಣಸೆ ಸಸಿ ನೆಟ್ರು.

ಆಮೇಲೆ ಊರಿನ ಹುಡುಗ್ರು ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಕಟ್ಟುದ್ರು. ಗೂಡಿಂದ ಬಿದ್ದ ಮರಿಗಳ್ನ ಎತ್ಕೊಂಡೋಗಿ ಮೀನು ಹಾಕಿ ಸಾಕಿ ಹಾರಿಸೋದು ಅವರ ಕೆಲಸ. ಊರೋರೂ ಸೇರಿ ಕಾಯೋ ಜಾಗಕ್ಕೆ ಕಾನೂನಲ್ಲಿ ಸಮುದಾಯ ಮೀಸಲು ಅನ್ನೋ ಹೆಸರದೆ. 2007ರಲ್ಲಿ ಬೆಳ್ಳೂರಿಗೆ ಅದು ಸಿಕ್ತು. ಹಂಗಂತ ಎಲ್ಲ ಸುಸೂತ್ರ ಅಲ್ಲ. 2017ರ ಕೊನೇಲಿ ಮೀನಿನ ಮೂಲಕ ಹೊಟ್ಟೆಗೆ ಹುಳ ಸೇರಿ ಬಾಳ ಹೆಜ್ಜಾರ್ಲೆ ಸತ್ವು. ಕೆರೆ ಕೆಟ್ರೆ ಮರ ಇದ್ದೂ ಏನು ಪ್ರಯೋಜ್ನ? ಬಾಣಂತಿಗೆ ಜಾಗ ಕೊಟ್ರೆ ಸಾಲ್ದು, ಊಟಾನೂ ಚೆನ್ನಾಗಿರ್ಬೇಕಲ್ವ.

ಈ ಸಲ ಶಿವರಾತ್ರಿ ಆದ್ಮೇಲೆ ಹೋಗಿದ್ದೆ. ಅತ್ತೆ ಈಗಿಲ್ಲ, ಸೊಸೆ ಅವ್ಳೆ. ಹಳೇ ಮರದಲ್ಲಿ ಒಂಬತ್ತು ಗೂಡು ಎಣಿಸ್ದೆ, ಆರು ಕೊಕ್ಕರೇದು, ಮೂರು ಹೆಜ್ಜಾರ್ಲೇದು. ಅತ್ತೆ ನೆಟ್ಟ ಮರ ಈಗ ದೊಡ್ಡದಾಗದೆ. ಬುಡ ನನ್ನ ತೋಳಿಗೆ ಸಿಗಾಕಿಲ್ಲ. ಹೊರಡೋವಾಗ ಸೊಸೆ ಒಂದು ಚೀಲ ಹಣ್ಣು ಕಟ್ಟಿಕೊಟ್ಲು. ನಾನು ಬಿಡಿಸ್ತಾ ಇದ್ದಿದ್ದು ಅದನ್ನೇ. ಕೈ ತುಂಬ ಹಣ್ಣು ಕಂಡು ಪಕ್ಕದ್ಮನೆ ಹುಡುಗಿಗೆ ಖುಷಿ. ನನಗೆ ಮಾತ್ರ, ಆ ಮರದಲ್ಲಿ ಇಷ್ಟು ಹಣ್ಣು ಬಡಿಯಾಕೆ ಆಯ್ತು ಅಂದ್ರೆ ಅಲ್ಲಿಗೆ ಇನ್ನೂ ಯಾರೂ ಬಾಣಂತನಕ್ಕೆ ಬಂದಿಲ್ಲ ಅಂತ ಅನ್ನಿಸ್ತು. ಬರೋ ವರ್ಷ ಚೀಲ ಖಾಲಿ ಬಂದ್ರೂ ಪರವಾಗಿಲ್ಲ, ಸಂತೇಲಿ ತರ್ತೀನಿ.