ವಿಜಯಪುರದ ಗುಮ್ಮಟ, ಮುಂಬಯಿಯ ಮಳೆ

ದಕ್ಷಿಣ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದ ಗುಮ್ಮಟವನ್ನು ಕಂಡ ವಿಜಯಪುರದವರಿಗೆ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಮಾದರಿಯಾಗಿ ಇಟ್ಟುಕೊಂಡದ್ದು ಗೋಲಗುಮ್ಮಟವನ್ನೇ. ಆದಿಲ್‌ಶಾಹಿ ದೊರೆ ಮಹಮ್ಮದನ ಸಮಾಧಿಯ ಆಕಾರ ಎರಡೂವರೆ ಶತಮಾನ ಕಳೆದು ಅರಬ್ಬೀ ಸಮುದ್ರದ ದಂಡೆಗೆ ಬಂದು ಕೂತಿತು. ಆಕಾರವೇನೋ ಬಂತು, ಹವೆ ಬರಲಿಲ್ಲ. ವಿಜಯಪುರದಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಮುಂಬಯಿಯಲ್ಲಿ ನಾಲ್ಕೇ ತಿಂಗಳಲ್ಲಿ 2,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಈ ಕಟ್ಟಡದ ನೂರು ವರ್ಷಗಳ ಕಥೆಯನ್ನು ಆ ವ್ಯತ್ಯಾಸದ ಕಥೆಯೆಂದೇ ಓದಬಹುದು.

1905ರ ನವೆಂಬರ್ 11ರಂದು ಅಡಿಗಲ್ಲು ಬಿತ್ತು. 1914ರಲ್ಲಿ ಕಟ್ಟಡ ಮುಗಿಯಿತು, ಆದರೆ ಅಷ್ಟರಲ್ಲಿ ಯುದ್ಧ ಶುರುವಾಗಿ ಅದು ಸೈನಿಕರ ಆಸ್ಪತ್ರೆಯಾಯಿತು. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಜನರಿಗೆ ತೆರೆದದ್ದು 1922ರ ಜನವರಿ 10ರಂದು. ಕಲ್ಲು ಸ್ಥಳೀಯವೇ: ಕುರ್ಲಾದ ನೀಲಿ ಬಸಾಲ್ಟ್, ಮಲಾಡಿನ ಹಳದಿ ಛಾಯೆಯ ಟ್ರಾಕೈಟ್. ಕುರ್ಲಾ ನಾನಿರುವ ಪವಾಯಿಯ ನೆರೆಯದು. ಈಗ ಅಲ್ಲಿ ಕಲ್ಲುಗಣಿ ಎಲ್ಲಿತ್ತು ಎಂದು ಊಹಿಸುವುದೂ ಕಷ್ಟ.

ಆಸ್ಪತ್ರೆಯಾಗಿ ಅದು ಹೊಂದಿಕೊಂಡದ್ದು ಆಕಸ್ಮಿಕವಲ್ಲ ಎಂದು ನನ್ನ ಎಣಿಕೆ. ರೋಗಿಗೂ ಗಾಳಿ ಬೇಕು, ಸಂಗ್ರಹಾಲಯಕ್ಕೂ ಬೇಕು. ಎತ್ತರದ ಚಾವಣಿ, ಹೊರಚಾಚಿದ ಮೊಗಸಾಲೆ, ಕಲ್ಲಿನ ಜಾಲಂಧ್ರ, ದಪ್ಪ ಗೋಡೆ: ವಿದ್ಯುತ್ತು ಇಲ್ಲದೆ ಗಾಳಿ ಆಡಿಸುವ ಏರ್ಪಾಡು ಇವೇ. ನಮ್ಮಲ್ಲಿ ಗವಾಕ್ಷಿ ಅಂದರೆ ಗೋವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗಾಳಿಯ ಕಣ್ಣು’ ಎಂಬ ಪದದಿಂದ. ಕಣ್ಣು ಎರಡರಲ್ಲೂ ಇದೆ, ಗಾಜು ಎರಡರಲ್ಲೂ ಇಲ್ಲ. ಎಂಜಿನಿಯರುಗಳು ಗಾಳಿ, ನೀರು, ದೀಪಗಳ ವ್ಯವಸ್ಥೆಯನ್ನೆಲ್ಲ ಸೇರಿಸಿ ‘ಬಿಲ್ಡಿಂಗ್ ಸರ್ವಿಸಸ್’ ಅನ್ನುತ್ತಾರೆ. ಅನುವಾದಕರು ಅದನ್ನು ‘ಕಟ್ಟಡ ಸೇವೆಗಳು’ ಎಂದು ಬರೆದರೆ ನಗರಪಾಲಿಕೆಯ ನೋಟಿಸಿನಂತೆ ಕೇಳುತ್ತದೆ. ಹಳೆಯ ಕಟ್ಟಡಗಳಲ್ಲಿ ಅದು ಬೇರೆ ಇಲಾಖೆಯೇ ಆಗಿರಲಿಲ್ಲ. ಗೋಡೆಯೇ ಆ ಕೆಲಸ ಮಾಡುತ್ತಿತ್ತು.

ಏರ್ ಕಂಡೀಷನರ್ ಬಂದದ್ದು ಆಮೇಲೆ, ಒಂದು ಸಂಖ್ಯೆಯ ಬೆನ್ನು ಹತ್ತಿ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಚಿತ್ರಗಳನ್ನು ಬಾಂಬಿನಿಂದ ಉಳಿಸಲು ವೇಲ್ಸಿನ ಮಾನೋಡ್ ಎಂಬಲ್ಲಿನ ಸ್ಲೇಟು ಗಣಿಯೊಳಗೆ ಇಟ್ಟಿತು. ಅಲ್ಲಿ 17 ಡಿಗ್ರಿ ಉಷ್ಣ, ಶೇ. 58 ತೇವಾಂಶವನ್ನು ಏರುಪೇರಿಲ್ಲದೆ ಕಾಪಾಡಿದರು. ಚಿತ್ರಗಳು ಚೆನ್ನಾಗಿ ಉಳಿದವು. ಯುದ್ಧ ಮುಗಿದ ಮೇಲೆ ಸ್ಥಿರವಾದ ಹವೆಯೇ ಶ್ರೇಷ್ಠ ಎಂಬುದು ನಂಬಿಕೆಯಾಯಿತು. 1978ರಲ್ಲಿ ಅದೇ ಗ್ಯಾಲರಿಯ ಗ್ಯಾರಿ ಥಾಮ್ಸನ್ ಬರೆದ ‘ದಿ ಮ್ಯೂಸಿಯಂ ಎನ್ವಿರಾನ್‌ಮೆಂಟ್’ ಮೂಲಕ ಐದು ಅಂಶಕ್ಕಿಂತ ಹೆಚ್ಚು ಏರಿಳಿಯದ ತೇವಾಂಶವೆಂಬುದು ಜಗತ್ತಿಗೆಲ್ಲ ಮಾನದಂಡವಾಗಿ ಹಬ್ಬಿತು. ತಮಾಷೆಯೆಂದರೆ, ಈ ಅಳತೆ ವಸ್ತುಗಳ ಬಗೆಗಿನ ಆಳವಾದ ಜ್ಞಾನಕ್ಕಿಂತ ಯಂತ್ರದ ಸಾಮರ್ಥ್ಯವನ್ನೇ ಹೆಚ್ಚು ಆಧರಿಸಿದೆ ಎಂದು ಥಾಮ್ಸನ್ನರೇ ಒಪ್ಪಿದ್ದರು. ಎಚ್ಚರಿಕೆ ಪುಸ್ತಕದಲ್ಲೇ ಉಳಿಯಿತು, ಸಂಖ್ಯೆ ಮಾತ್ರ ಊರೂರು ತಿರುಗಿತು.

ವೇಲ್ಸಿನ ಗಣಿಯ ಹವೆಯನ್ನು ಜುಲೈ ತಿಂಗಳ ಮುಂಬಯಿಯಲ್ಲಿ ತಯಾರಿಸಲು ಹೋದರೆ ಏನಾಗುತ್ತದೆ? 30 ಡಿಗ್ರಿಯ, ಶೇ. 85 ತೇವಾಂಶದ ಗಾಳಿ ಸುಮಾರು 27 ಡಿಗ್ರಿಗೆ ಇಳಿದರೆ ಸಾಕು, ಬೆವರಲು ತೊಡಗುತ್ತದೆ. ಒಳಗಿನ ಕೋಣೆಯನ್ನು 22ಕ್ಕೆ ತಂಪು ಮಾಡಿ ಬಾಗಿಲು ತೆರೆದಿಟ್ಟರೆ ನೀರು ಇಳಿಯುವುದು ತಣ್ಣಗಿನ ಗೋಡೆಯ ಮೇಲೆ, ಕಂಚಿನ ಮೂರ್ತಿಯ ಮೇಲೆ. ತೇವ ತೆಗೆಯಲು ಗಾಳಿಯನ್ನು ಇನ್ನಷ್ಟು ತಂಪಾಗಿಸಿ ಮತ್ತೆ ಬಿಸಿಮಾಡಬೇಕು, ಅಂದರೆ ವಿದ್ಯುತ್ತಿಗೆ ಎರಡು ಸಲ ದುಡ್ಡು. ಸಂಜೆ ಬಾಗಿಲು ಹಾಕುವಾಗ ಯಂತ್ರವನ್ನೂ ಆರಿಸಿದರೆ ಇನ್ನೂ ಕೆಟ್ಟದ್ದು. ಹಗಲು ಒಣಗಿ ರಾತ್ರಿ ಉಬ್ಬುವ ಕಾಗದಕ್ಕೆ, ಮರಕ್ಕೆ, ಯಂತ್ರವೇ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಪೆಟ್ಟು ಬೀಳಬಹುದು.

2014ರಲ್ಲಿ ಮೆಲ್ಬರ್ನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಸೇರಿದ ಸಂರಕ್ಷಣಾ ತಜ್ಞರು, ಕಾಯಂ ಪ್ರದರ್ಶನದ ಮಾನದಂಡ ಆಯಾ ಊರಿನ ಹವೆಯಲ್ಲಿ ಸಾಧಿಸಬಲ್ಲದ್ದಾಗಿರಬೇಕು ಎಂದು ಘೋಷಿಸಿದರು. ಈ ಮಾತು ನಲವತ್ತು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಹಳೆಯ ಗೋಡೆಗಳಿಗೆ ತೂತು ಬೀಳುತ್ತಿರಲಿಲ್ಲ.

ಇದೇ ಊರಿನ ಇನ್ನೊಂದು ಉದಾಹರಣೆ ಭಾಯಖಳಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ. 1872ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ತೆರೆದ ಅದಕ್ಕೆ, ಹಣ ಕೂಡಿಸಲು ಓಡಾಡಿದ ವೈದ್ಯ ವಿದ್ವಾಂಸರ ಹೆಸರು ಬಂದದ್ದು 1975ರಲ್ಲಿ. ನಗರಪಾಲಿಕೆ, ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಸೇರಿ 2003ರಲ್ಲಿ ಆರಂಭಿಸಿದ ಜೀರ್ಣೋದ್ಧಾರಕ್ಕೆ 2005ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. 2008ರಲ್ಲಿ ಬಾಗಿಲು ತೆರೆಯಿತು. ಬಣ್ಣದ ಪದರಗಳ ಕೆಳಗೆ ಅಡಗಿದ್ದ ಮೂಲ ವರ್ಣ, ಚಿನ್ನದ ಲೇಪ ಮತ್ತೆ ಕಂಡವು. ಹಾಗಿದ್ದೂ ಕೆಲವು ವರ್ಷಗಳ ಹಿಂದೆ ಮತ್ತೆ ದುರಸ್ತಿಗೆ ಮುಚ್ಚಬೇಕಾಯಿತು. ಪುನಃ ತೆರೆದದ್ದು 2025ರ ಜನವರಿಯಲ್ಲಿ. ಪ್ರಶಸ್ತಿ ಬಂದ ಸೂರಿಗೂ ಮಳೆ ಮಳೆಯೇ.

ಎರಡೂ ಕಟ್ಟಡಗಳ ಕೆಲಸದಲ್ಲಿ ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ ಇದ್ದರು. ಗುಮ್ಮಟದ ಸಂಗ್ರಹಾಲಯಕ್ಕೂ 2022ರಲ್ಲಿ, ನೂರು ತುಂಬಿದ ವರ್ಷವೇ, ಯುನೆಸ್ಕೋ ಪ್ರಶಸ್ತಿ ಸಿಕ್ಕಿತು. ಹೀಗೆ ಹೊಗಳಿಸಿಕೊಳ್ಳುವ ಕೆಲಸಗಳ ತಳದಲ್ಲಿರುವ ಕ್ರಮ ನೀರಸವೆನ್ನುವಷ್ಟು ಸರಳ: ಯಂತ್ರ ಕೊನೆಗೆ, ನೀರು ಮೊದಲು. ಸೂರು ಸೋರದಂತೆ ಮಾಡಿ, ಮಳೆನೀರಿನ ಕೊಳವೆಯನ್ನು ಗೋಡೆಯಿಂದ ಬೇರೆಯಾಗಿ ಇಳಿಸಬೇಕು. ಹಿಂದಿನ ದುರಸ್ತಿಗಳಲ್ಲಿ ಮೆತ್ತಿದ ಸಿಮೆಂಟನ್ನು ಕೆರೆದು ಸುಣ್ಣದ ಗಾರೆ ಹಾಕಬೇಕು, ಏಕೆಂದರೆ ಸುಣ್ಣ ಗೋಡೆಯ ತೇವವನ್ನು ಆವಿಯಾಗಿ ಹೊರಬಿಡುತ್ತದೆ, ಸಿಮೆಂಟು ಒಳಗೇ ಕೂಡಿಹಾಕುತ್ತದೆ. ಆಮೇಲೆ ದೀಪ: ಕಿರುಚಿತ್ರಕ್ಕೆ, ಬಟ್ಟೆಗೆ 50 ಲಕ್ಸ್ ಬೆಳಕು ಸಾಕು, ಎಲ್‌ಇಡಿ ಹಾಕಿದರೆ ಕೋಣೆಯ ಕಾವೂ ಇಳಿಯುತ್ತದೆ. ಸೂಕ್ಷ್ಮವಾದ ವಸ್ತುವಿಗಾಗಿ ಇಡೀ ಸಭಾಂಗಣವನ್ನು ತಂಪಾಗಿಸುವ ಬದಲು ಗಾಳಿಯಾಡದ ಗಾಜಿನ ಪೆಟ್ಟಿಗೆಯ ತಳದಲ್ಲಿ ಸಿಲಿಕಾ ಜೆಲ್ ಇಟ್ಟರೆ ಆ ಪೆಟ್ಟಿಗೆಯ ಹವೆ ಹಿಡಿತದಲ್ಲಿರುತ್ತದೆ. ಇಷ್ಟೆಲ್ಲ ಆದಮೇಲೂ ಉಳಿಯುವ ಒಂದೆರಡು ಕೋಣೆಗಳಿಗೆ ಏರ್ ಕಂಡೀಷನರ್ ಇರಲಿ, ಹಗಲೂ ರಾತ್ರಿ ನಡೆಯಲಿ.

ಇವುಗಳಲ್ಲಿ ಯಾವುದಕ್ಕೂ ಉದ್ಘಾಟನೆಯ ರಿಬ್ಬನ್ನು ಕಟ್ಟಲಾಗದು, ಹಣ ಹುಟ್ಟದಿರುವುದೂ ಅದಕ್ಕೇ. ಪ್ರತಿವರ್ಷ ಮೇ ಮುಗಿಯುವುದರೊಳಗೆ ಯಾರಾದರೂ ಏಣಿ ಹತ್ತಿ, ನೀರಿನ ಬಾಯಿಗಳಲ್ಲಿ ತುಂಬಿದ ಒಣ ಎಲೆ, ಪಾರಿವಾಳದ ಪುಕ್ಕಗಳನ್ನು ಕೈಯಾರೆ ತೆಗೆಯಬೇಕು.