ಜಾಝ್ ಸಂಗೀತದಲ್ಲಿ ಗಿಟಾರ್–ಗಾಯನ ಯುಗಳ: ಪರಂಪರೆ ಮತ್ತು ಆರಂಭದ ಕ್ರಮ

ಜಾಝ್ ಎಂದೊಡನೆ ಟ್ರಂಪೆಟ್, ಸ್ಯಾಕ್ಸೊಫೋನ್, ಪಿಯಾನೊ, ಡ್ರಮ್ಸ್‌ಗಳಿಂದ ಕೂಡಿದ ದೊಡ್ಡ ವಾದ್ಯವೃಂದವೇ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಒಂದು ಕಂಠ, ಒಂದು ಗಿಟಾರ್ ಮಾತ್ರವೇ ಇರುವ ಪುಟ್ಟ ಪ್ರಕಾರವೊಂದು ಆ ಸಂಗೀತದಲ್ಲಿ ಗೌರವದ ಸ್ಥಾನವನ್ನು ಪಡೆದಿದೆ. ಇದರಲ್ಲಿ ಲಯ ಹಿಡಿಯುವ ಡ್ರಮ್ಸ್ ಇಲ್ಲ; ತಳದ ಸ್ವರಗಳನ್ನು ನುಡಿಸುವ ಬಾಸ್ ಇಲ್ಲ. ಒಬ್ಬರು ತಪ್ಪಿದರೆ ಮರೆಮಾಚಲು ಮೂರನೆಯವರೂ ಇಲ್ಲ. ಪರಸ್ಪರ ವಿಶ್ವಾಸವೇ ಇಲ್ಲಿನ ಬಂಡವಾಳ. ಮಕ್ಕಳು ಗಿಟಾರ್ ಕಲಿಯುತ್ತಿರುವ, ಹಾಡುವ ಹವ್ಯಾಸವುಳ್ಳವರಿರುವ ಕುಟುಂಬಗಳಿಗೆ ಉಪಯುಕ್ತವಾಗಲೆಂದು ಈ ಪ್ರಕಾರದ ಪರಿಚಯವನ್ನು ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಪೂರ್ವಪೀಠಿಕೆ

1930ರ ದಶಕದ ಆರಂಭದಲ್ಲಿ ಅಮೆರಿಕದ ಜನಪ್ರಿಯ ಗಾಯಕ ಬಿಂಗ್ ಕ್ರಾಸ್ಬಿಗೆ ಎಡ್ಡಿ ಲ್ಯಾಂಗ್ ಗಿಟಾರ್ ಸಹಕಾರ ನೀಡುತ್ತಿದ್ದರು. 1933ರಲ್ಲಿ ಲ್ಯಾಂಗ್ ಅಕಾಲ ಮರಣಕ್ಕೆ ತುತ್ತಾದರು. ಆ ಕಾಲದ ಗಿಟಾರಿನ ದನಿ ದೊಡ್ಡ ವೃಂದದ ನಡುವೆ ಕೇಳಿಸುತ್ತಲೇ ಇರಲಿಲ್ಲ. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್, ವಿದ್ಯುತ್ ಗಿಟಾರಿಗೆ ಏಕವ್ಯಕ್ತಿ ವಾದ್ಯದ ಘನತೆಯನ್ನು ತಂದುಕೊಟ್ಟರು. 1955ರಲ್ಲಿ ಜೂಲಿ ಲಂಡನ್ ತಮ್ಮ ಮೊದಲ ಗಾನಮುದ್ರಿಕೆಯಲ್ಲಿ ಬಾರ್ನಿ ಕೆಸ್ಸೆಲ್ ಅವರ ಗಿಟಾರ್ ಹಾಗೂ ಒಂದು ಬಾಸ್ ವಾದ್ಯವನ್ನಷ್ಟೇ ಇಟ್ಟುಕೊಂಡು ಹಾಡಿ ಅಪಾರ ಮನ್ನಣೆ ಗಳಿಸಿದರು. ಮೆಲುದನಿಯ ಹಾಡಿಗೆ ದೊಡ್ಡ ವೃಂದ ಬೇಕಿಲ್ಲವೆಂಬುದು ಇದರಿಂದ ಮನದಟ್ಟಾಯಿತು.

ಎಲಾ ಮತ್ತು ಜೋ ಪಾಸ್

ಈ ಪ್ರಕಾರದ ಮೇರುಕೃತಿಗಳು ಎಲಾ ಫಿಟ್ಸ್‌ಜೆರಾಲ್ಡ್ (1917–1996) ಮತ್ತು ಜೋ ಪಾಸ್ (1929–1994) ಅವರವು. ಪಾಸ್ ತಮ್ಮ ಯೌವನದ ಬಹುಭಾಗವನ್ನು ಮಾದಕವಸ್ತುವಿನ ಚಟಕ್ಕೆ ಕಳೆದುಕೊಂಡು, ಸೆರೆವಾಸವನ್ನೂ ಅನುಭವಿಸಿದವರು. ಕ್ಯಾಲಿಫೋರ್ನಿಯಾದ ಸಿನನಾನ್ ಎಂಬ ವ್ಯಸನಮುಕ್ತಿ ಕೇಂದ್ರವನ್ನು ಸೇರಿ, 1962ರಲ್ಲಿ ಅಲ್ಲಿನ ಸಹವಾಸಿ ಕಲಾವಿದರೊಡನೆ ಧ್ವನಿಮುದ್ರಿಕೆಯೊಂದನ್ನು ಹೊರತಂದ ಮೇಲೆ ಅವರ ಎರಡನೆಯ ಜನ್ಮ ಆರಂಭವಾಯಿತೆನ್ನಬಹುದು. 1973ರಲ್ಲಿ 'ವರ್ಚುವೋಸೊ' ಎಂಬ ಏಕವ್ಯಕ್ತಿ ವಾದನದ ಧ್ವನಿಮುದ್ರಣದಲ್ಲಿ ಅವರು ರಾಗಧಾಟಿ, ತಳದ ಸ್ವರ, ಸ್ವರಗುಚ್ಛ ಮೂರನ್ನೂ ಆರು ತಂತಿಗಳಲ್ಲೇ ನಿಭಾಯಿಸಿದರು.

ಅದೇ ವರ್ಷ, ಎಲಾ ಅವರ ವ್ಯವಸ್ಥಾಪಕರೂ ಪ್ಯಾಬ್ಲೊ ಧ್ವನಿಮುದ್ರಣ ಸಂಸ್ಥೆಯ ಸ್ಥಾಪಕರೂ ಆದ ನಾರ್ಮನ್ ಗ್ರಾಂಟ್ಸ್ ಅವರ ಆಶ್ರಯದಲ್ಲಿ ಇವರಿಬ್ಬರ 'ಟೇಕ್ ಲವ್ ಈಝಿ' ಸಿದ್ಧವಾಯಿತು. ಆಗ ಎಲಾ ಅವರಿಗೆ 56 ವರ್ಷ. ದೊಡ್ಡ ವೃಂದಗಳ ಮುಂದೆ ದಶಕಗಳ ಕಾಲ ಹಾಡಿದ್ದ ಆ ಕಂಠ ಇಲ್ಲಿ ಮಾತಿನಷ್ಟು ಸಮೀಪಕ್ಕೆ ಬರುತ್ತದೆ. ಇಬ್ಬರೂ ಮುಂದೆ ಇನ್ನೂ ಮೂರು ಯುಗಳ ಮುದ್ರಿಕೆಗಳನ್ನು ನೀಡಿದರು. ಅವುಗಳ ಪೈಕಿ 'ಫಿಟ್ಸ್‌ಜೆರಾಲ್ಡ್ ಅಂಡ್ ಪಾಸ್... ಅಗೇನ್' ಎಲಾ ಅವರಿಗೆ ಗ್ರ್ಯಾಮಿ ಪ್ರಶಸ್ತಿಯನ್ನು ತಂದಿತು.

ನಂತರದ ಪೀಳಿಗೆಯಲ್ಲಿ ಟಕ್ ಆಂಡ್ರೆಸ್ ಮತ್ತು ಪ್ಯಾಟಿ ಕ್ಯಾತ್‌ಕಾರ್ಟ್ ದಂಪತಿ 'ಟಕ್ ಅಂಡ್ ಪ್ಯಾಟಿ' ಎಂಬ ಹೆಸರಿನಿಂದ ಖ್ಯಾತರಾದರು. ಅವರ ಮೊದಲ ಮುದ್ರಿಕೆ 'ಟಿಯರ್ಸ್ ಆಫ್ ಜಾಯ್' 1988ರಲ್ಲಿ ಹೊರಬಂದಿತು.

ಪಕ್ಕವಾದ್ಯಕ್ಕೂ ಇದಕ್ಕೂ ಇರುವ ಅಂತರ

ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಿಟೀಲು ಗಾಯಕರ ಸಂಚಾರವನ್ನು ನೆರಳಿನಂತೆ ಹಿಂಬಾಲಿಸುತ್ತದೆ. ತಂಬೂರಿ ಷಡ್ಜವನ್ನು ಎಡೆಬಿಡದೆ ನೆನಪಿಸುತ್ತದೆ. ಜಾಝ್ ಯುಗಳದಲ್ಲಿ ಈ ಎರಡೂ ಆಸರೆಗಳಿಲ್ಲ. ಗಾಯಕಿ ಹಾಡುವ ಧಾಟಿಯನ್ನೇ ಗಿಟಾರ್ ನುಡಿಸಿದರೆ ಅದು ಅಡ್ಡಿಯೆನಿಸುತ್ತದೆ. ಹಲವು ಸ್ವರಗಳು ಒಟ್ಟಿಗೆ ಮಿಡಿಯುವ ಸ್ವರಗುಚ್ಛಗಳು, ಅಂದರೆ ಕಾರ್ಡ್‌ಗಳು, ಹಾಡು ನಿಲ್ಲುವ ನೆಲವನ್ನು ಕಟ್ಟುತ್ತವೆ. ಆ ನೆಲ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಗಾಯಕಿ ತನ್ನ ಸ್ವರಸ್ಥಾನವನ್ನು ತಾನೇ ಕಂಡುಕೊಳ್ಳಬೇಕು. ಮನೋಧರ್ಮ ಸಂಗೀತದ ಅಭಿರುಚಿಯುಳ್ಳ ನಮ್ಮವರಿಗೆ ಅರ್ಥರಹಿತ ಉಚ್ಚಾರಗಳಿಂದ ಹಾಡುವ 'ಸ್ಕ್ಯಾಟ್' ಪದ್ಧತಿ ಅಪರಿಚಿತವೆನಿಸದು.

ಆರಂಭಿಸುವವರಿಗೆ

1. ಕೃತಿಗಳು ಕಡಿಮೆಯಿರಲಿ. ಜಾಝ್‌ನ ಅನೇಕ ಜನಪ್ರಿಯ ಹಾಡುಗಳಿಗೆ 32 ಅಳತೆಗಳ ಚೌಕಟ್ಟಿದೆ. ಎಂಟೆಂಟು ಅಳತೆಗಳ ನಾಲ್ಕು ಭಾಗಗಳಲ್ಲಿ ಮೂರನೆಯದು ಮಾತ್ರ ಭಿನ್ನವಾಗಿರುವುದು ಸಾಮಾನ್ಯ. ಹತ್ತು ಹಾಡುಗಳನ್ನು ಕಾಗದ ನೋಡದೆ ಹಾಡಿ ನುಡಿಸುವಂತಾದರೆ ಒಳ್ಳೆಯ ಆರಂಭ.

2. ಶ್ರುತಿಯನ್ನು ಕಂಠ ನಿರ್ಧರಿಸಲಿ. ಪುಸ್ತಕದಲ್ಲಿ ಅಚ್ಚಾದ ಶ್ರುತಿ ಗಾಯಕಿಗೆ ಹೊಂದಬೇಕೆಂದಿಲ್ಲ. ಗಿಟಾರಿನಲ್ಲಿ ಕೈಯ ವಿನ್ಯಾಸವನ್ನು ಮೇಲೆ ಕೆಳಗೆ ಸರಿಸಿ ಶ್ರುತಿ ಬದಲಿಸುವ ಅನುಕೂಲವಿದೆ.

3. ನಡೆಗಳಲ್ಲಿ ವೈವಿಧ್ಯವಿರಲಿ. ನಿಧಾನಗತಿಯ ಹಾಡುಗಳನ್ನೇ ಸಾಲಾಗಿ ಹಾಡಿದರೆ ಶ್ರೋತೃಗಳು ದಣಿಯುತ್ತಾರೆ. ನಡುವೆ 12 ಅಳತೆಗಳ ಬ್ಲೂಸ್, ಬ್ರೆಜಿಲ್‌ನ ಬೊಸ್ಸಾ ನೋವಾ ಇವು ಬರಲಿ.

4. ಪೀಠಿಕೆ ಮತ್ತು ಮುಕ್ತಾಯವನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಮಧ್ಯದ ಸ್ವಾತಂತ್ರ್ಯ ಸಾರ್ಥಕವಾಗುವುದು ಎರಡು ತುದಿಗಳು ಭದ್ರವಾಗಿದ್ದಾಗಲೇ. ಹಾಡಿನ ವೇಗವನ್ನು ಯಾರು ಸೂಚಿಸಬೇಕೆಂಬುದೂ ತೀರ್ಮಾನವಾಗಿರಲಿ.

5. ಮೌನಕ್ಕೆ ಅಂಜಬಾರದು. ಬಾಸ್, ಡ್ರಮ್ಸ್ ಇಲ್ಲದ ಕೊರತೆಯನ್ನು ತುಂಬುವ ಆತುರದಲ್ಲಿ ಹೊಸ ಗಿಟಾರ್ ವಾದಕರು ಬಿಡುವಿಲ್ಲದೆ ನುಡಿಸುವುದುಂಟು. ಆಗ ಸಾಹಿತ್ಯ ಮುಳುಗಿಹೋಗುತ್ತದೆ. ಗಾಯಕಿ ಉಸಿರೆಳೆದುಕೊಳ್ಳುವ ಎಡೆಯೇ ಗಿಟಾರ್ ಉತ್ತರಿಸಬೇಕಾದ ಎಡೆ.

6. ಅಭ್ಯಾಸವನ್ನು ಧ್ವನಿಮುದ್ರಿಸಿ ಇಬ್ಬರೂ ಕೂಡಿ ಕೇಳಬೇಕು. ಯಾರು ಯಾರ ಮಾತಿಗೆ ಅಡ್ಡಬಂದರೆಂಬುದು ಆಗ ಸ್ಪಷ್ಟವಾಗುತ್ತದೆ.

ನಮ್ಮ ನೆಲದ ನಂಟು

ಮುಂಬಯಿಯ ಜಾಝ್ ಇತಿಹಾಸ ಹಳೆಯದು. 1935ರಲ್ಲೇ ಲಿಯಾನ್ ಅಬ್ಬೆ ಅವರ ತಂಡ ತಾಜ್‌ಮಹಲ್ ಹೋಟೆಲಿನಲ್ಲಿ ನುಡಿಸಿತ್ತು. 1978ರಲ್ಲಿ 'ಜಾಝ್ ಯಾತ್ರಾ' ಉತ್ಸವ ಅಲ್ಲಿಯೇ ಆರಂಭವಾಯಿತು. ಬೆಂಗಳೂರಿನ ವಿದ್ವಾನ್ ಟಿ.ಎ.ಎಸ್. ಮಣಿ ಹಾಗೂ ವಿದುಷಿ ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ರೂಪಿಸಿತು. ಅಲ್ಲಿ ರಮಾಮಣಿಯವರ ಕಂಠ ತನ್ನ ಕರ್ನಾಟಕ ಸಂಗೀತದ ಸಂಸ್ಕಾರವನ್ನು ಬಿಟ್ಟುಕೊಡದೆ ಪರವಾದ್ಯದೊಡನೆ ಸಂವಾದಿಸಿದೆ.

ದೊಡ್ಡ ವೇದಿಕೆಯಾಗಲಿ ದುಬಾರಿ ಸಲಕರಣೆಯಾಗಲಿ ಈ ಪ್ರಕಾರಕ್ಕೆ ಬೇಕಿಲ್ಲ. ಮಹಾನಗರದ ಇಕ್ಕಟ್ಟಾದ ಮನೆಯ ಪಡಸಾಲೆಯೂ ಸಾಕು. ಅಣ್ಣ ತಂಗಿಯರಿರಲಿ, ದಂಪತಿಗಳಿರಲಿ, ಗೆಳೆಯರಿರಲಿ, ಇಬ್ಬರಲ್ಲಿ ಪ್ರತಿಯೊಬ್ಬರೂ ತಾವು ನುಡಿಯುವುದಕ್ಕಿಂತ ಹೆಚ್ಚಾಗಿ ಇನ್ನೊಬ್ಬರನ್ನು ಆಲಿಸಲು ಸಿದ್ಧರಿದ್ದರೆ, ಯುಗಳ ಅಲ್ಲಿಂದಲೇ ಆರಂಭವಾಗುತ್ತದೆ.