ಸ್ಕೈಡೈವಿಂಗ್ ವಿಮಾನದ ಆಯ್ಕೆ

ಸ್ಕೈಡೈವಿಂಗ್ ಕೇಂದ್ರಗಳು ಜಿಗಿಯುವವರನ್ನು ಮೇಲಕ್ಕೊಯ್ಯಲು ಬಳಸುವ ವಿಮಾನ ಎಲ್ಲಿಗೂ ಪಯಣಿಸುವುದಿಲ್ಲ. ತುಂಬಿಕೊಂಡು ಏರುತ್ತದೆ, ಖಾಲಿಯಾಗಿ ಹೊರಟ ರನ್‌ವೇಗೇ ಇಳಿಯುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ದೂರ, ವೇಗ, ಆಸನದ ಸುಖ ಇವು ಅದರ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಬೇಗ ಏರುತ್ತದೆ, ಮೇಲೆ ಎಷ್ಟು ನಿಧಾನವಾಗಿ ಹಾರಬಲ್ಲದು, ಒಳಗಿನವರೆಲ್ಲ ಬಾಗಿಲ ಬಳಿ ಸೇರಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕಾಗುತ್ತದೆ. ಕೊಳ್ಳುವವರ ಗಮನ ಹೆಚ್ಚಾಗಿ ಏರುವ ವೇಗದ ಮೇಲಿರುತ್ತದೆ. ಆದರೆ ಅಪಘಾತಗಳ ತನಿಖಾ ವರದಿಗಳು ಮತ್ತೆ ಮತ್ತೆ ಬೊಟ್ಟು ಮಾಡಿರುವುದು ಕೊನೆಯ ಪ್ರಶ್ನೆಯತ್ತ.

ಎತ್ತರ ಮತ್ತು ಎಂಜಿನ್

ಗ್ರಾಹಕ ಹಣ ಕೊಡುವುದು ಎತ್ತರಕ್ಕೆ. ನೆಲದಿಂದ 10,000 ಅಡಿ ಮೇಲೆ ಜಿಗಿದ ಟ್ಯಾಂಡೆಮ್ ಜೋಡಿಗೆ (ಒಟ್ಟಿಗೆ ಕಟ್ಟಿಕೊಂಡ ತರಬೇತುದಾರ ಮತ್ತು ಗ್ರಾಹಕ), 5,000 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚುವ ಮುನ್ನ ಸುಮಾರು ಅರ್ಧ ನಿಮಿಷದ ಮುಕ್ತಪತನ ಸಿಗುತ್ತದೆ. 14,000 ಅಡಿಯಿಂದಾದರೆ ಅದು 50 ಸೆಕೆಂಡು ದಾಟುತ್ತದೆ. ಅಮೆರಿಕದ ನಿಯಮದ ಪ್ರಕಾರ ಸಮುದ್ರಮಟ್ಟದಿಂದ 14,000 ಅಡಿಗೂ ಮೇಲೆ ಹಾರುವ ಪೈಲಟ್ ಆಕ್ಸಿಜನ್ ಬಳಸಲೇಬೇಕು; 15,000 ಅಡಿ ದಾಟಿದರೆ ಒಳಗಿರುವ ಎಲ್ಲರಿಗೂ ಅದನ್ನು ಒದಗಿಸಬೇಕು. ಬಹುಪಾಲು ಕೇಂದ್ರಗಳು 13,000–14,000 ಅಡಿಗೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಸಣ್ಣ ಕೇಂದ್ರಗಳ ಆಧಾರ ಸೆಸ್ನಾ 182. 1956ರಿಂದ ತಯಾರಾಗುತ್ತಿರುವ, ಒಂದೇ ಪಿಸ್ಟನ್ ಎಂಜಿನ್ನಿನ ವಿಮಾನ ಇದು. ಪೈಲಟ್‌ನ ಆಸನ ಬಿಟ್ಟು ಉಳಿದವನ್ನು ಕಿತ್ತು, ಬಲಬದಿಗೆ ಮೇಲಕ್ಕೆ ತೆರೆಯುವ ಬಾಗಿಲು ಕೂರಿಸಿದರೆ ನಾಲ್ವರು ನೆಲದ ಮೇಲೆ ಕೂರಬಹುದು. ಖಾಲಿ ವಿಮಾನದ ಮೇಲೆ ಅದು ಹೊರಬಲ್ಲ ತೂಕ 500 ಕಿಲೋ ಆಸುಪಾಸು. ಪೈಲಟ್‌ಗೆ 75 ಕಿಲೋ, ಪ್ಯಾರಾಚೂಟ್ ಸಮೇತ ತಲಾ 180 ಕಿಲೋ ತೂಗುವ ಎರಡು ಟ್ಯಾಂಡೆಮ್ ಜೋಡಿಗಳಿಗೆ 360 ಕಿಲೋ ಎಂದಿಟ್ಟುಕೊಂಡರೆ ಇಂಧನಕ್ಕೆ ಉಳಿಯುವುದು 65 ಕಿಲೋ, ಅಂದರೆ 90 ಲೀಟರ್. ಹಾರಾಟಕ್ಕೆ ಅದು ಸಾಲುತ್ತದೆ. ಆದರೆ ಬೆಳಿಗ್ಗೆಯೇ ಟ್ಯಾಂಕ್ ಪೂರ್ತಿ ತುಂಬಿಸಿ ದಿನವಿಡೀ ಹಾರಿಸುವ ಅನುಕೂಲ ಇರುವುದಿಲ್ಲ. ಎರಡು ಮೂರು ಲೋಡಿಗೊಮ್ಮೆ ಇಂಧನ ಹಾಕಿಸುವ ತಾಳ್ಮೆ ಇಲ್ಲದವರು ಈ ವಿಮಾನ ಇಟ್ಟುಕೊಳ್ಳಬಾರದು.

ಪಿಸ್ಟನ್ ಎಂಜಿನ್ನನ್ನು ಪೂರ್ಣ ಶಕ್ತಿಯಲ್ಲಿ ಏರಿಸಿ, ತಕ್ಷಣ ಶಕ್ತಿ ತಗ್ಗಿಸಿ ಕೆಳಗೆ ಧುಮುಕಿಸಿದರೆ ಕಾದ ಸಿಲಿಂಡರ್‌ಗಳು ಬೇಗನೆ ತಣಿದು ಬಿರುಕು ಬಿಡಬಹುದೆಂದು ಹಲವು ಪೈಲಟ್‌ಗಳು ಸಾವಕಾಶವಾಗಿ ಇಳಿಯುತ್ತಾರೆ. ಹೀಗೆ ಹೋದ ಸಮಯ ದಿನದ ಲೋಡುಗಳನ್ನು ಕಡಿಮೆ ಮಾಡುತ್ತದೆ. ಪಿಟಿ6 ಮಾದರಿಯ ಟರ್ಬೊಪ್ರಾಪ್ ಎಂಜಿನ್ನಿಗೆ ಈ ಕಟ್ಟುಪಾಡಿಲ್ಲ. ವಿಮಾನ ಹತ್ತು–ಹದಿನೈದು ನಿಮಿಷದಲ್ಲಿ ಏರಿ ಜಿಗಿದವರಿಗಿಂತ ಮೊದಲೇ ನೆಲ ಮುಟ್ಟುವುದುಂಟು. ಟರ್ಬೊಪ್ರಾಪ್‌ನ ಭಾರ ಬೇರೆ ಕಡೆ ಇದೆ: ಕೊಳ್ಳುವ ಬೆಲೆ ಹಲವು ಪಟ್ಟು, ಓವರ್‌ಹಾಲ್ ಖರ್ಚು ದೊಡ್ಡದು, ಗಂಟೆಗಳ ಜೊತೆಗೆ ಚಾಲೂ ಮಾಡಿ ನಿಲ್ಲಿಸಿದ ಸರದಿಗಳನ್ನೂ ಎಣಿಸಬೇಕು. ವಾರಾಂತ್ಯದಲ್ಲಿ ಇಪ್ಪತ್ತು ಜನ ಬರುವ ಕೇಂದ್ರ ಹದಿನೈದು ಜನರ ವಿಮಾನ ಕೊಂಡರೆ ಅರ್ಧ ತುಂಬಿದ ಲೋಡುಗಳೇ ಅದನ್ನು ಮುಳುಗಿಸುತ್ತವೆ.

ಇಂಧನದ ಲಭ್ಯತೆಯೂ ಆಯ್ಕೆಯನ್ನು ನಿರ್ಧರಿಸುತ್ತದೆ. ಪಿಸ್ಟನ್ ಎಂಜಿನ್ನಿಗೆ ಬೇಕಾದ ಏವ್‌ಗ್ಯಾಸ್ ಭಾರತಕ್ಕೆ ಬಹುಕಾಲ ಆಮದಾಗುತ್ತಿತ್ತು. ಇಂಡಿಯನ್ ಆಯಿಲ್ 2022ರಲ್ಲಿ ವಡೋದರದ ರಿಫೈನರಿಯಲ್ಲಿ ತಯಾರಿಸಿದ ಏವ್‌ಗ್ಯಾಸನ್ನು ಬಿಡುಗಡೆ ಮಾಡಿತು. ಟರ್ಬೊಪ್ರಾಪ್‌ಗೆ ಬೇಕಾದ ಜೆಟ್ ಇಂಧನ ಪ್ರಯಾಣಿಕ ವಿಮಾನಗಳು ಬರುವ ನಿಲ್ದಾಣಗಳಲ್ಲಿ ಸಿಗುತ್ತದೆ.

ಇನ್ನೊಂದು ಅಂಶ ನೆಲದ ಎತ್ತರ ಮತ್ತು ಬಿಸಿಲು. ಟ್ಯಾಂಡೆಮ್ ಜಿಗಿತಗಳು ನಡೆದಿರುವ ಮೈಸೂರಿನ ಮಂಡಕಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಅಲ್ಲಿ ತಾಪಮಾನ 35 ಡಿಗ್ರಿ ಮುಟ್ಟಿದಾಗ ಗಾಳಿ 5,400 ಅಡಿಯಲ್ಲಿ ಇರುವಷ್ಟು ತೆಳುವಾಗುತ್ತದೆ. ಟರ್ಬೊ ಇಲ್ಲದ ಪಿಸ್ಟನ್ ಎಂಜಿನ್ ನೆಲ ಬಿಡುವ ಮೊದಲೇ ತನ್ನ ಶಕ್ತಿಯ ಒಂದು ಪಾಲು ಕಳೆದುಕೊಂಡಿರುತ್ತದೆ. ಕರಾವಳಿಯ ಅಂಕಿಗಳನ್ನು ನೋಡಿ ದಖ್ಖನ್ನಿನ ಬಯಲಿಗೆ ವಿಮಾನ ತಂದವರು ಏಪ್ರಿಲ್ ತಿಂಗಳ ಮಧ್ಯಾಹ್ನ ಜನರನ್ನು ಕಡಿಮೆ ಮಾಡಲೇಬೇಕು.

ಬಾಗಿಲು ಮತ್ತು ಗುರುತ್ವಕೇಂದ್ರ

ಜಿಗಿತದ ಹೊತ್ತಿಗೆ ಪೈಲಟ್ ಶಕ್ತಿ ತಗ್ಗಿಸಿ, ವೇಗವನ್ನು ಗಂಟೆಗೆ 150 ಕಿ.ಮೀ. ಆಸುಪಾಸಿಗೆ ಇಳಿಸುತ್ತಾನೆ. ಆಗಲೇ ಜನ ಎದ್ದು ಬಾಗಿಲಿನತ್ತ ಸರಿಯುತ್ತಾರೆ. ದೊಡ್ಡ ವಿಮಾನಗಳಲ್ಲಿ ಬಾಗಿಲಿರುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ. ಗುಂಪಾಗಿ ಜಿಗಿಯುವವರಲ್ಲಿ ಕೆಲವರು ಹೊರಗೆ ಹಿಡಿಕೆಗೆ ಜೋತಾಡುತ್ತಾರೆ, ಉಳಿದವರು ಅವರ ಬೆನ್ನಿಗೆ ಅಂಟಿಕೊಂಡು ನಿಲ್ಲುತ್ತಾರೆ. ಕ್ಷಣದಲ್ಲಿ ಐನೂರು ಆರುನೂರು ಕಿಲೋ ತೂಕ ಬಾಲದ ಕಡೆಗೆ ಹೋಗುತ್ತದೆ, ಹೊರಗೆ ನಿಂತವರ ಮೈ ಬಾಲಕ್ಕೆ ಹೋಗುವ ಗಾಳಿಯನ್ನು ಕದಡುತ್ತದೆ, ಮೂತಿ ಮೇಲೇಳುತ್ತದೆ. ವೇಗ ಇನ್ನಷ್ಟು ಬಿದ್ದರೆ ರೆಕ್ಕೆಗೆ ಎತ್ತುವ ಬಲ ಉಳಿಯದೆ ವಿಮಾನ ಸ್ಟಾಲ್ ಆಗುತ್ತದೆ. ಗುರುತ್ವಕೇಂದ್ರ ಹಿಂದೆ ಸರಿದಿರುವಾಗ ಅದರಿಂದ ಹೊರಬರುವುದೂ ಕಷ್ಟ. ಟೇಕಾಫ್ ವೇಳೆಯ ತೂಕದ ಹಂಚಿಕೆ ಸರಿಯಿದ್ದರೆ ಸಾಲದು ಎನ್ನುವುದು ಇದಕ್ಕೇ. ಲೆಕ್ಕವನ್ನು ಬಾಗಿಲು ತೆರೆದ ಸ್ಥಿತಿಗೂ ಹಾಕಬೇಕು.

2019ರ ಜುಲೈ 14ರಂದು ಸ್ವೀಡನ್ನಿನ ಉಮಿಯೋ ಬಳಿ ಆಸ್ಟ್ರೇಲಿಯಾ ನಿರ್ಮಿತ ಜಿಎ8 ಏರ್‌ವ್ಯಾನ್ ಗಾಳಿಯಲ್ಲೇ ಮುರಿದು ಒಳಗಿದ್ದ 9 ಮಂದಿಯೂ ಸತ್ತರು. ಕಡಿಮೆಯಾದ ವೇಗ ಮತ್ತು ಹಿಂದಕ್ಕೆ ಸರಿದ ತೂಕ ನಿಯಂತ್ರಣ ತಪ್ಪಲು ಕಾರಣವೆಂದು ತನಿಖೆ ಗುರುತಿಸಿತು. ಆ ವಿಮಾನ ತಯಾರಿಸುವ ಕಂಪನಿ ಆಗ ಭಾರತದ ಮಹೀಂದ್ರಾ ಸಮೂಹದ ಒಡೆತನದಲ್ಲಿತ್ತು.

ಬಾಗಿಲಿನ ಅಗಲ, ಎತ್ತರ, ಅಂಚುಗಳೂ ಮುಖ್ಯ. ಚೂಪಾದ ಮೂಲೆಗೆ ಅಥವಾ ಬೋಲ್ಟಿಗೆ ಪ್ಯಾರಾಚೂಟಿನ ಹಿಡಿ ಸಿಕ್ಕಿ ಬಾಗಿಲಲ್ಲೇ ಬಿಚ್ಚಿಕೊಂಡರೆ ಅದು ಬಾಲಕ್ಕೆ ಸುತ್ತಿಕೊಂಡು ಎಲ್ಲರನ್ನೂ ಅಪಾಯಕ್ಕೆ ತಳ್ಳಬಹುದು. ಬಾಗಿಲು ತೆಗೆದು ಹಾರಿಸಲು, ಮಡಚುವ ಬಾಗಿಲು ಕೂರಿಸಲು, ಆಸನ ಕಿತ್ತು ನೆಲದಲ್ಲಿ ಬೆಲ್ಟ್ ಹಾಕಲು ಪ್ರತಿಯೊಂದಕ್ಕೂ ವಿಮಾನಯಾನ ಪ್ರಾಧಿಕಾರದ ಒಪ್ಪಿಗೆ ಬೇಕು. ಆ ಕಾಗದಗಳಿಲ್ಲದ ಅಗ್ಗದ ವಿಮಾನ ಅಗ್ಗವಲ್ಲ.

ಬಳಕೆಯಲ್ಲಿರುವ ಮಾದರಿಗಳು

ದೊಡ್ಡ ಕೇಂದ್ರಗಳ ಮೆಚ್ಚಿನ ವಿಮಾನ ಕೆನಡಾದ ಟ್ವಿನ್ ಆಟರ್. 1965ರಲ್ಲಿ ಮೊದಲು ಹಾರಿದ ಇದಕ್ಕೆ ಎರಡು ಪಿಟಿ6 ಎಂಜಿನ್, ಮೇಲ್ಗಡೆ ರೆಕ್ಕೆ, ಅಗಲವಾದ ಎಡಬಾಗಿಲು. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೊತ್ತು ಗಿಡ್ಡ ರನ್‌ವೇಯಿಂದ ಏರುತ್ತದೆ, ನಿಧಾನ ವೇಗದಲ್ಲೂ ಹತೋಟಿಯಲ್ಲಿರುತ್ತದೆ. ಅಷ್ಟು ಜನ ಬರುವ ಊರಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲವೆಂದೇ ಹೇಳಬೇಕು. ಒಂಟಿ ಎಂಜಿನ್ನಿನ ಸೆಸ್ನಾ ಕ್ಯಾರವಾನ್ ಹದಿನೈದರ ಆಸುಪಾಸು ಜನರನ್ನು ಒಯ್ಯುತ್ತದೆ. ಬಿಡಿಭಾಗಗಳು ಸುಲಭವಾಗಿ ಸಿಗುವುದು ಅದರ ಬಲ. ಸ್ವಿಟ್ಜರ್ಲೆಂಡಿನ ಪಿಲಾಟಸ್ ಪೋರ್ಟರ್ ಹತ್ತು ಜನರಿಗೆ ಸಾಕು. 1959ರಲ್ಲಿ ಮೊದಲು ಹಾರಿದ ಅದು ಹುಲ್ಲಿನ ಮೈದಾನದಿಂದಲೂ ಏರುತ್ತದೆ, ಆದರೆ ಈಗ ಹೊಸದು ತಯಾರಾಗುತ್ತಿಲ್ಲ. ನ್ಯೂಜಿಲೆಂಡಿನ ಪಿಎಸಿ 750ಎಕ್ಸ್‌ಎಲ್ ಸ್ಕೈಡೈವಿಂಗನ್ನೇ ಮನಸ್ಸಿನಲ್ಲಿಟ್ಟು ರೂಪಿಸಿದ ಅಪರೂಪದ ವಿಮಾನ. ಹಿಂಬದಿಯ ರ‍್ಯಾಂಪಿನಿಂದ ಜಿಗಿಯಲು ಸ್ಕೈವ್ಯಾನ್ ಇದೆ. ಹೆಲಿಕಾಪ್ಟರ್ ಮತ್ತು ಬಿಸಿಗಾಳಿಯ ಬಲೂನು ಉತ್ಸವಗಳಿಗೆ ಸರಿ.

ಕಿಂಗ್ ಏರ್ 90 ವೇಗವಾಗಿ ಏರುತ್ತದೆ, ಹಳೆಯವು ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಹಿಂಬದಿಯ ಬಾಗಿಲಿನತ್ತ ತೂಕ ಸರಿದರೆ ಅದು ತಾಳಿಕೊಳ್ಳುವುದು ಕಡಿಮೆ. ಬಾಲವೂ ತಗ್ಗಿನಲ್ಲಿದ್ದು, ಮೇಲಕ್ಕೆ ಹಾರುವ ಜಿಗಿತಗಾರ ಅದಕ್ಕೆ ಬಡಿಯುವ ಭಯವಿದೆ.

ಹಳೆಯ ವಿಮಾನ ಕೊಳ್ಳುವಾಗ

ಈ ಕ್ಷೇತ್ರದ ಬಹುಪಾಲು ವಿಮಾನಗಳು ಇತರರ ಕೈಯಲ್ಲಿ ದುಡಿದು ಬಂದವು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2008ರ ವಿಶೇಷ ವರದಿ, 1980ರಿಂದ ಅಲ್ಲಿಯವರೆಗಿನ ಸ್ಕೈಡೈವಿಂಗ್ ವಿಮಾನಗಳ 32 ಅಪಘಾತಗಳಲ್ಲಿ 172 ಜನ ಸತ್ತಿದ್ದನ್ನು ದಾಖಲಿಸಿ, ನಿರ್ವಹಣೆಯ ಲೋಪ, ತೂಕ–ಸಮತೋಲನದ ಲೆಕ್ಕದ ಉದಾಸೀನ, ಮೇಲ್ವಿಚಾರಣೆಯ ಕೊರತೆಗಳನ್ನು ಹೆಸರಿಸಿತು.

2016ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಬೈರನ್ ಬಳಿ ಜಿಗಿತಕ್ಕೆ ಸಿದ್ಧವಾಗಿದ್ದ ಒಂದು ಕಿಂಗ್ ಏರ್ ಸ್ಟಾಲ್ ಆಗಿ ಸುತ್ತುತ್ತ ಬಿದ್ದು, ಬಾಲದ ಒಂದು ಭಾಗ ಕಿತ್ತುಹೋಯಿತು. ಜಿಗಿತಗಾರರು ಹೊರಬಿದ್ದು ಬದುಕಿದರು, ಪೈಲಟ್ ವಿಮಾನವನ್ನು ಇಳಿಸಿದ. ರಿಪೇರಿಯಾಗಿ ಹವಾಯಿಗೆ ಹೋದ ಅದೇ ವಿಮಾನ 2019ರ ಜೂನ್ 21ರಂದು ಮೊಕುಲೇಯಾದಲ್ಲಿ ಟೇಕಾಫ್ ಆದ ಕೂಡಲೇ ಬಿದ್ದು 11 ಮಂದಿ ಸತ್ತರು. ಪೈಲಟ್ ಏರುತ್ತಲೇ ರಭಸದಿಂದ ತಿರುಗಿಸಿದ್ದು ಮೂಲ ಕಾರಣವೆಂದ ತನಿಖೆ, ಗುರುತ್ವಕೇಂದ್ರ ಹಿಂದಿನ ಮಿತಿಯ ಸಮೀಪವಿದ್ದುದನ್ನೂ ತಿರುಚಿದ್ದ ಎಡರೆಕ್ಕೆಯನ್ನು ಸರಿಪಡಿಸದೆ ಹಾರಿಸುತ್ತಿದ್ದುದನ್ನೂ ಜೊತೆಗೆ ಬರೆಯಿತು.

ಆದ್ದರಿಂದ ಕೊಳ್ಳುವ ಮುನ್ನ ಲಾಗ್‌ಬುಕ್ಕನ್ನು ಮೊದಲ ಪುಟದಿಂದ ಓದಿ, ಹಿಂದಿನ ಅಪಘಾತಗಳ ರಿಪೇರಿಯನ್ನು ಹೊರಗಿನ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಬೇಕು. ಮಾರ್ಪಾಡಾದ ಮೇಲೆ ವಿಮಾನವನ್ನು ಹೊಸದಾಗಿ ತೂಗಿಸಬೇಕು. ಬಾಗಿಲ ಬಳಿ ಒಮ್ಮೆಗೆ ಎಷ್ಟು ಜನ ನಿಲ್ಲಬಹುದೆಂಬ ಸಂಖ್ಯೆಯನ್ನು ಆ ತೂಕದಿಂದಲೇ ಲೆಕ್ಕಹಾಕಿ, ಜಿಗಿಯುವವರಿಗೆ ಕಾಣುವಂತೆ ಒಳಗೋಡೆಗೆ ಬರೆಸಬೇಕು.